ಖಿನ್ನತೆ ಇರುವವರಿಗೆ ಮನೆಯವರೆಲ್ಲ ಯಾಕೆ ಕೆಟ್ಟವರಾಗಿ ಕಾಣುತ್ತಾರೆ? ಅವರು ಹೇಳಿದ್ದರಲ್ಲಿ ಎಷ್ಟು ನಂಬಬೇಕು?

ತಂಗಿ_ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕ ಕುವೆಂಪುನಗರದಲ್ಲಿದ್ದಾಳೆ. ಶಾಲೆಯಲ್ಲಿ ಟೀಚರ್. ಕಳೆದ ವರ್ಷದಿಂದ ಖಿನ್ನತೆಗೆ ಚಿಕಿತ್ಸೆ ನಡೆಯುತ್ತಿದೆ. ನಿದ್ದೆ ಬರಲ್ಲ, ಊಟ ಸೇರಲ್ಲ, ಯಾವಾಗಲೂ ಸುಸ್ತು. ಇದೆಲ್ಲ ಇರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೆ ಇನ್ನೊಂದು ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ. ಅವಳು ಜನರನ್ನು ನೋಡುವ ರೀತಿಯೇ ಬದಲಾಗಿಬಿಟ್ಟಿದೆ.

ಪಕ್ಕದ ಮನೆಯ ಆಂಟಿ ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸಿದರೆ, "ಅವರ ಮನೆಯಲ್ಲಿ ಮಿಕ್ಕಿದ್ದನ್ನ ನಮಗೆ ಕೊಟ್ಟಿದ್ದಾರೆ" ಅನ್ನುತ್ತಾಳೆ. ಭಾವ ಕೆಲಸ ಮುಗಿಸಿ ಮಂಡ್ಯದಿಂದ ಟ್ರೈನಿನಲ್ಲಿ ಬಂದು ಸುಮ್ನೆ ಕೂತರೆ, "ನನ್ನ ಮುಖ ನೋಡೋಕೂ ಅವರಿಗೆ ಇಷ್ಟ ಇಲ್ಲ" ಅನ್ನುತ್ತಾಳೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರು ಬೇರೆಯವರಿಗೆ ಮೊದಲು ಕೊಟ್ಟರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಇದೇ ಅಕ್ಕ, ನಾವೆಲ್ಲ ಯಾರನ್ನಾದರೂ ಬೈಯುತ್ತಿದ್ದರೆ "ಪಾಪ, ಅವರಿಗೆ ಏನು ಕಷ್ಟ ಇದೆಯೋ" ಅನ್ನುತ್ತಿದ್ದವಳು.

ಈಗ ಅಮ್ಮನ ಬಗ್ಗೆಯೂ ಶುರುವಾಗಿದೆ. "ಅಮ್ಮನಿಗೆ ಯಾವಾಗಲೂ ಚಿಕ್ಕವಳೇ ಹೆಚ್ಚು" ಅಂತ. ಚಿಕ್ಕವಳು ಅಂದರೆ ನಾನು. ಇದು ಕಾಯಿಲೆ ಆಡಿಸುವ ಮಾತಾ, ಅಥವಾ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತಾ, ಗೊತ್ತಾಗುತ್ತಿಲ್ಲ. ಅಲ್ಲ ಅಂತ ವಾದ ಮಾಡಿದರೆ ಇನ್ನೂ ದೂರ ಆಗುತ್ತಾಳೆ. ಹೌದು ಅಂದರೆ ಸುಳ್ಳು ಹೇಳಿದ ಹಾಗೆ. ಸುಮ್ಮನಿದ್ದರೆ ಅದನ್ನೂ ತಪ್ಪಾಗಿ ತಿಳಿಯುತ್ತಾಳೆ. ನಿಮ್ಮಲ್ಲಿ ಯಾರಾದರೂ ಇದನ್ನು ಕಂಡಿದ್ದೀರಾ?

ಬೆಟ್ಟದ_ಮೆಟ್ಟಿಲು

ಅಮ್ಮ, ಧೈರ್ಯವಾಗಿರಿ. ಅಕ್ಕನಿಗೆ ಒಳ್ಳೆಯದನ್ನೇ ಯೋಚಿಸಲು ಹೇಳಿ. ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿ, ನಾಲ್ಕು ಜನರ ಜೊತೆ ಬೆರೆಯಲಿ. ಮನಸ್ಸು ತಾನೇ ಸರಿಹೋಗುತ್ತದೆ.

ಮಂಡ್ಯ_ಪ್ಯಾಸೆಂಜರ್

ಮೇಲಿನವರಿಗೆ: ನಿಮ್ಮ ಮನಸ್ಸು ಒಳ್ಳೆಯದು ಅಂತ ಗೊತ್ತು. ನಡಿಗೆಯಿಂದ ಅನುಕೂಲ ಇದೆ, ಅದೂ ನಿಜ. ಆದರೆ "ಒಳ್ಳೆಯದನ್ನೇ ಯೋಚಿಸು" ಅನ್ನುವ ಮಾತು ಆ ಸ್ಥಿತಿಯಲ್ಲಿ ಕಿವಿಗೆ ಬೀಳುವುದೇ ಬೇರೆ ಥರ. "ನೀನು ಬೇಕೂಂತಲೇ ಕೆಟ್ಟದ್ದು ಯೋಚಿಸುತ್ತಿದ್ದೀಯ" ಅಂದ ಹಾಗೆ ಕೇಳಿಸುತ್ತದೆ. ನಾನು ಅಲ್ಲಿ ಇದ್ದು ಬಂದವನು. ಸಂಜೆ ಬಿಡುವಾಗಿ ಬರೆಯುತ್ತೇನೆ.

ಆಪ್ತಸಲಹೆ_ಮೈಸೂರು

ನಾನು ಇದೇ ಊರಿನಲ್ಲಿ ಆಪ್ತ ಸಮಾಲೋಚಕಿ. ನಿಮ್ಮ ಅಕ್ಕನನ್ನು ನೋಡದೆ ಅವರ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾರೆ. ಆದರೆ ನೀವು ಕೇಳಿದ ವಿಷಯ ಹೊಸದಲ್ಲ.

ಖಿನ್ನತೆ ಅಂದರೆ ತನ್ನನ್ನು ತಾನು ಕೀಳಾಗಿ ಕಾಣುವುದು ಅಂತ ಜನ ತಿಳಿದಿರುತ್ತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲೇ ಇದನ್ನು ಮೂರು ಭಾಗವಾಗಿ ವಿವರಿಸಿದ್ದರು. ತನ್ನ ಬಗ್ಗೆ ಕೆಟ್ಟ ನೋಟ, ಸುತ್ತಲಿನ ಲೋಕದ ಬಗ್ಗೆ ಕೆಟ್ಟ ನೋಟ, ಮುಂದಿನ ದಿನಗಳ ಬಗ್ಗೆ ಕೆಟ್ಟ ನೋಟ. ಆ ಎರಡನೆಯದರಲ್ಲಿ ಗಂಡ, ಅಮ್ಮ, ಪಕ್ಕದ ಮನೆಯವರು, ಹೂವಿನವರು ಎಲ್ಲರೂ ಬರುತ್ತಾರೆ. ಮನೆಯವರಿಗೆ ಮೊದಲನೆಯದನ್ನು ಹೇಳಿರುತ್ತಾರೆ. ಎರಡನೆಯದನ್ನು ಹೇಳುವುದು ಕಮ್ಮಿ. ಅದಕ್ಕೇ ಅದು ಎದುರಾದಾಗ "ಇವಳಿಗೆ ಗುಣವೇ ಕೆಟ್ಟುಹೋಯಿತು" ಅಂದುಕೊಳ್ಳುತ್ತಾರೆ.

ಒಳಗೆ ಏನು ನಡೆಯುತ್ತದೆ ಅಂತ ನೋಡಿ. ನಾವು ಒಬ್ಬರ ಬಗ್ಗೆ ಅಭಿಪ್ರಾಯ ಕಟ್ಟುವುದು ಎರಡು ಕಡೆಯಿಂದ. ಒಂದು, ಈಗ ಕಣ್ಣೆದುರು ಕಾಣುವುದು. ಇನ್ನೊಂದು, ಅವರ ಬಗ್ಗೆ ನಮ್ಮ ನೆನಪು. ಖಿನ್ನತೆ ಎರಡರ ಮೇಲೂ ಕೈ ಹಾಕುತ್ತದೆ.

ಮೊದಲು ಕಣ್ಣು. ಖಿನ್ನತೆ ಇರುವವರಿಗೆ ಮುಖದ ಚಿತ್ರಗಳನ್ನು ತೋರಿಸಿ, ಈ ಮುಖದಲ್ಲಿ ಏನಿದೆ ಅಂತ ಕೇಳಿದ ಅಧ್ಯಯನಗಳು ಬಹಳ ಇವೆ. ಯಾವ ಭಾವನೆಯೂ ಇಲ್ಲದ ಸಾದಾ ಮುಖವನ್ನು ಬೇಸರದ ಮುಖ ಅಂತ ಓದುವುದು ಅವರಲ್ಲಿ ಜಾಸ್ತಿ ಕಂಡುಬಂದಿದೆ. ನಿಮ್ಮ ಭಾವ ಟ್ರೈನಿನಿಂದ ಇಳಿದು ಬಂದಾಗ ಅವರ ಮುಖ ಹೇಗಿರುತ್ತದೆ? ದಣಿದ ಮುಖ, ಅಷ್ಟೆ. ಆ ಮುಖಕ್ಕೆ ಅರ್ಥ ತುಂಬುವ ಕೆಲಸ ನೋಡುವವರದ್ದು.

ಇನ್ನು ನೆನಪು. ಮನಸ್ಸು ಯಾವ ಸ್ಥಿತಿಯಲ್ಲಿದೆಯೋ ಅದಕ್ಕೆ ಹೊಂದುವ ನೆನಪುಗಳೇ ಸುಲಭವಾಗಿ ಮೇಲೆ ಬರುತ್ತವೆ. ಗಾರ್ಡನ್ ಬೋವರ್ ಅನ್ನುವ ಮನಶ್ಶಾಸ್ತ್ರಜ್ಞರು 1981ರಲ್ಲಿ ಇದರ ಬಗ್ಗೆ ಬರೆದದ್ದು ತುಂಬಾ ಹೆಸರಾಯಿತು. ಪಕ್ಕದ ಮನೆ ಆಂಟಿ ಹತ್ತು ಸಲ ಸಹಾಯ ಮಾಡಿರಬಹುದು, ಒಂದು ಸಲ ಕೊಂಕು ಮಾತು ಆಡಿರಬಹುದು. ಈಗ ಒಬ್ಬಟ್ಟಿನ ತಟ್ಟೆ ನೋಡಿದಾಗ ಅಕ್ಕನಿಗೆ ನೆನಪಾಗುವುದು ಆ ಒಂದು ಮಾತು. ಆ ಮಾತನ್ನು ಅವರು ಹುಟ್ಟಿಸಿಕೊಂಡು ಹೇಳುತ್ತಿಲ್ಲ. ಅದು ನಡೆದದ್ದೇ. ಉಳಿದ ಹತ್ತು ನೆನಪು ಬೇಕಾದಾಗ ಸಿಗುವುದಿಲ್ಲ.

ಇಷ್ಟು ಗೊತ್ತಿದ್ದರೆ "ಸುಳ್ಳು ಹೇಳಬೇಡ" ಅನ್ನುವ ಮಾತು ನಮ್ಮ ಬಾಯಿಂದ ಬರುವುದಿಲ್ಲ, ಅಲ್ವಾ?

ಮಂಡ್ಯ_ಪ್ಯಾಸೆಂಜರ್

ಹೇಳಿದ ಹಾಗೆ ಬರೆಯುತ್ತಿದ್ದೇನೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಮಂಡ್ಯ, ಕೆಲಸ ಮೈಸೂರು. ಕೆಲವು ವರ್ಷದ ಹಿಂದೆ ಖಿನ್ನತೆ ಬಂತು. ಚಿಕಿತ್ಸೆ ಆಯಿತು, ಈಗ ಚೆನ್ನಾಗಿದ್ದೇನೆ.

ಒಳಗಿನಿಂದ ಅದು ಹೇಗಿರುತ್ತದೆ ಅಂತ ಹೇಳುತ್ತೇನೆ. ಯಾರ ಮೇಲೂ ದ್ವೇಷ ಇರಲಿಲ್ಲ. ಒಬ್ಬರು ಮಾತಾಡಿಸದೆ ಹೋದರೆ "ಏನೋ ಅವಸರದಲ್ಲಿರಬೇಕು" ಅಂತ ಸಾಮಾನ್ಯವಾಗಿ ಎಲ್ಲರೂ ಅಂದುಕೊಳ್ಳುತ್ತೇವೆ. ಹಾಗೆ ಅಂದುಕೊಳ್ಳುವುದಕ್ಕೂ ಶಕ್ತಿ ಬೇಕು ಅಂತ ನನಗೆ ಗೊತ್ತಾಗಿದ್ದು ಆಗಲೇ. ಆ ಶಕ್ತಿ ನನ್ನಲ್ಲಿ ಇರಲಿಲ್ಲ. ಮೊದಲು ತೋಚಿದ ಅರ್ಥವೇ ಕೊನೆಯ ಅರ್ಥ ಆಗುತ್ತಿತ್ತು. ಆ ಮೊದಲ ಅರ್ಥ ಯಾವಾಗಲೂ ಒಂದೇ: ಇವರಿಗೆ ನಾನು ಬೇಡ.

ವಾಟ್ಸಾಪ್‌ನಲ್ಲಿ ಮೆಸೇಜ್ ಓದಿದ ಗುರುತು ಬಂದು ಉತ್ತರ ಬರದಿದ್ದರೆ ಇಡೀ ದಿನ ಅದೇ ಯೋಚನೆ. ಸಂಜೆ ಉತ್ತರ ಬಂದರೂ ಸಮಾಧಾನ ಇಲ್ಲ. "ಬೇರೆ ದಾರಿ ಇಲ್ಲದೆ ಬರೆದಿದ್ದಾರೆ" ಅನಿಸುತ್ತಿತ್ತು. ಯಾರಾದರೂ ಒಳ್ಳೆಯದು ಮಾಡಿದರೆ ಕನಿಕರ, ಮಾಡದಿದ್ದರೆ ತಿರಸ್ಕಾರ. ಎರಡೂ ಕಡೆ ನನಗೇ ಸೋಲು.

ಹತ್ತಿರದವರ ಮೇಲೆ ಜಾಸ್ತಿ ಕಠಿಣವಾಗಿದ್ದೆ. ಹೊರಗಿನವರ ಮುಂದೆ ಹೇಗೋ ನಗುತ್ತಿದ್ದೆ. ಮನೆಗೆ ಬಂದ ಮೇಲೆ ಹೆಂಡತಿ "ಊಟ ಮಾಡ್ತೀರಾ?" ಅಂದರೂ ಅದರಲ್ಲಿ ಆಕ್ಷೇಪಣೆ ಕೇಳಿಸುತ್ತಿತ್ತು.

ಇನ್ನೊಂದು ವಿಷಯ ಇದೆ. ಇದನ್ನು ಯಾರೂ ಹೇಳುವುದಿಲ್ಲ. ಖಿನ್ನತೆಯಲ್ಲಿ ಉಳಿದವರೆಲ್ಲ ಕೆಟ್ಟವರಾಗಿ ಮಾತ್ರ ಕಾಣುವುದಿಲ್ಲ, ಎಲ್ಲರೂ ಗಟ್ಟಿಗರಾಗಿಯೂ ಕಾಣುತ್ತಾರೆ. ಟ್ರೈನಿನಲ್ಲಿ ಇಸ್ಪೀಟು ಆಡುತ್ತಾ ನಗುವವರನ್ನು ನೋಡಿ, ಇವರಿಗೆ ಬದುಕು ಎಷ್ಟು ಸುಲಭ ಅನಿಸುತ್ತಿತ್ತು. ಅವರಿಗೂ ಸಾಲ ಇರುತ್ತದೆ, ಮನೆಯಲ್ಲಿ ಕಾಯಿಲೆ ಇರುತ್ತದೆ ಅನ್ನುವುದು ತಲೆಗೇ ಬರುತ್ತಿರಲಿಲ್ಲ. ಅದೂ ತಪ್ಪು ಅಳತೆಯೇ. ಬೇರೆಯವರ ಬಗ್ಗೆ ಕೆಟ್ಟದಾಗಿ ಯೋಚಿಸಿದರೆ ಜನಕ್ಕೆ ಕಾಣುತ್ತದೆ. ಹೀಗೆ ಯೋಚಿಸಿದರೆ ಯಾರಿಗೂ ಕಾಣುವುದಿಲ್ಲ, ಆದರೆ ನೋವು ಇದರಲ್ಲೇ ಜಾಸ್ತಿ.

ಜ್ವರ ಬಂದವನಿಗೆ ಅನ್ನವೂ ಕಹಿ. ಅನ್ನ ಬದಲಾಗಿರುವುದಿಲ್ಲ. ಹಾಗಂತ ಅವನ ಬಾಯಿಗೆ ಕಹಿ ಆಗಿದ್ದು ಸುಳ್ಳಲ್ಲ.

ಮದ್ದೂರಿನವಳು

ಮಂಡ್ಯ ಪ್ಯಾಸೆಂಜರ್ ಅವರೇ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ಆದರೂ ಒಂದು ಮಾತು ಹೇಳಲೇಬೇಕು. ಕೆಲವು ಸಲ ಅನ್ನ ನಿಜವಾಗಲೂ ಹಳಸಿರುತ್ತದೆ.

ನನಗೆ ಹೆರಿಗೆ ಆದ ಮೇಲೆ ಖಿನ್ನತೆ ಬಂದಿತ್ತು. ಮಾತ್ರೆ ತಗೊಂಡೆ. ಆಮೇಲೆ ನಾನು ಏನು ಹೇಳಿದರೂ ಗಂಡನ ಮನೆಯಲ್ಲಿ ಒಂದೇ ಉತ್ತರ: "ನಿನಗೆ ಹುಷಾರಿಲ್ಲ, ಅದಕ್ಕೆ ಹಂಗೆ ಅನ್ಸುತ್ತೆ." ನನ್ನ ಒಡವೆ ಅಡ ಇಟ್ಟಿದ್ದನ್ನು ಕೇಳಿದೆ, ಹಂಗೆ ಅನ್ಸುತ್ತೆ. ನನಗೆ ಹೇಳದೆ ಮಗುವನ್ನು ಊರಿಗೆ ಕಳಿಸಿದ್ದನ್ನು ಕೇಳಿದೆ, ಹಂಗೆ ಅನ್ಸುತ್ತೆ. ಒಡವೆ ಪೆಟ್ಟಿಗೆ ಖಾಲಿ ಇತ್ತು ಸ್ವಾಮಿ. ಅದು ಅನಿಸಿಕೆ ಅಲ್ಲ.

ನಮ್ಮ ಕಡೆ ಒಬ್ಬ ಹೆಣ್ಣುಮಗಳಿಗೆ ಮಾನಸಿಕ ಕಾಯಿಲೆ ಅಂತ ಒಂದು ಚೀಟಿ ಸಿಕ್ಕಿದರೆ ಸಾಕು, ಅವಳ ಮಾತಿಗೆ ಬೆಲೆ ಹೋಯಿತು. ಪಂಚಾಯ್ತಿಯಲ್ಲೂ ಅದನ್ನೇ ಎತ್ತುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದರ ಬಗ್ಗೆ ಸ್ಪಷ್ಟವಾಗಿ ಇದೆ ಅಂತ ಆಮೇಲೆ ವಕೀಲರೊಬ್ಬರು ತಿಳಿಸಿದರು. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವರು ಬುದ್ಧಿ ಸ್ಥಿಮಿತದಲ್ಲಿ ಇಲ್ಲ ಅಂತ ಅರ್ಥ ಅಲ್ಲ. ಹಾಗೆ ಹೇಳಬೇಕಾದರೆ ಕೋರ್ಟು ಹೇಳಬೇಕು. ಅತ್ತೆಯೋ ನಾದಿನಿಯೋ ಹೇಳುವಂತಿಲ್ಲ.

ತಂಗಿ ಅವರೇ, ನಿಮ್ಮ ಅಕ್ಕ ಅಮ್ಮನ ಬಗ್ಗೆ ಹೇಳಿದ್ದನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯುವ ಮುಂಚೆ ಒಂದು ಸಲ ಕೇಳಿ. ಪೂರ್ತಿ ಕೇಳಿ.

ಗಂಗೋತ್ರಿ_ವಿದ್ಯಾರ್ಥಿ

ಮದ್ದೂರಿನವರು ಹೇಳಿದ್ದಕ್ಕೆ ನಮ್ಮ ಓದಿನಲ್ಲೂ ಬೆಂಬಲ ಇದೆ. ನಾನು ಮಾನಸಗಂಗೋತ್ರಿಯಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ.

1979ರಲ್ಲಿ ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಾಮ್ಸನ್ ಒಂದು ಪ್ರಯೋಗ ಮಾಡಿದರು. ಕಾಲೇಜು ವಿದ್ಯಾರ್ಥಿಗಳ ಮುಂದೆ ಒಂದು ಗುಂಡಿ, ಒಂದು ಹಸಿರು ದೀಪ. ಗುಂಡಿ ಒತ್ತುವುದರಿಂದ ದೀಪದ ಮೇಲೆ ನಿಮ್ಮ ಹಿಡಿತ ಎಷ್ಟು ಅಂತ ಕೇಳಿದರು. ಹಿಡಿತವೇ ಇಲ್ಲದಾಗಲೂ, ದೀಪ ಪದೇ ಪದೇ ಹತ್ತಿಕೊಂಡರೆ, ಖಿನ್ನತೆ ಇಲ್ಲದವರು ತಮಗೆ ಹಿಡಿತ ಇದೆ ಅಂದುಕೊಂಡರು. ಖಿನ್ನತೆಯ ಲಕ್ಷಣ ಇದ್ದವರು ಇಲ್ಲ ಅಂತ ಸರಿಯಾಗಿ ಹೇಳಿದರು. ಅಲ್ಲಿಂದ ದುಃಖದಲ್ಲಿ ಇರುವವರಿಗೇ ಲೋಕ ಸರಿಯಾಗಿ ಕಾಣುತ್ತದೆ ಅನ್ನುವ ಮಾತು ಬಹಳ ಹರಡಿತು.

ಈ ಮಾತನ್ನು ನಾನೂ ತುಂಬಾ ಇಷ್ಟಪಟ್ಟಿದ್ದೆ. ಆದರೆ 2022ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡಾನ್ ಮೂರ್ ಮತ್ತು ಜೊತೆಗಾರರು ಅದೇ ಥರದ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಹಾಗಾಗಿ ಖಿನ್ನತೆ ಇದ್ದರೆ ಸತ್ಯ ಕಾಣುತ್ತದೆ ಅಂತ ಹೇಳುವುದು ಸರಿಯಲ್ಲ. ಏನೂ ಕಾಣಲ್ಲ ಅಂತ ಹೇಳುವುದೂ ಸರಿಯಲ್ಲ.

ಬೇರೆಯವರನ್ನು ಅಳೆಯುವ ವಿಷಯಕ್ಕೇ ಬಂದರೆ ಚಿತ್ರ ಇನ್ನೂ ಕುತೂಹಲಕರವಾಗಿದೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಕೇಟ್ ಹಾರ್ಕ್‌ನೆಸ್ ಅವರ ತಂಡ, ಬರೀ ಕಣ್ಣಿನ ಭಾಗದ ಫೋಟೋ ತೋರಿಸಿ ಈ ವ್ಯಕ್ತಿಯ ಮನಸ್ಸಿನಲ್ಲಿ ಏನಿದೆ ಅಂತ ಕೇಳುವ ಪರೀಕ್ಷೆ ಮಾಡಿತು. 2005ರಲ್ಲಿ ಬಂದ ಆ ಕೆಲಸದಲ್ಲಿ, ಸ್ವಲ್ಪ ಮಟ್ಟಿಗೆ ಮನಸ್ಸು ಕುಗ್ಗಿದ್ದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಹೇಳಿದರು. ಅದೇ ತಂಡ ಖಿನ್ನತೆ ತೀವ್ರವಾಗಿದ್ದ ಮಹಿಳೆಯರನ್ನು ನೋಡಿದಾಗ ಫಲಿತಾಂಶ ಉಲ್ಟಾ. ಅವರಿಗೆ ಕಷ್ಟವಾಯಿತು. ಅಂದರೆ ಸ್ವಲ್ಪ ಕುಗ್ಗಿದಾಗ ಮನುಷ್ಯ ಬೇರೆಯವರ ಮುಖವನ್ನು ಜಾಸ್ತಿ ಗಮನವಿಟ್ಟು ನೋಡುತ್ತಾನೆ. ಪೂರ್ತಿ ಮುಳುಗಿದಾಗ ಆ ಗಮನವೇ ಕೈಕೊಡುತ್ತದೆ.

ಇನ್ನೊಂದು. ಯಾರಾದರೂ ತಪ್ಪು ಮಾಡಿದರೆ ನಾವು ಸಾಮಾನ್ಯವಾಗಿ ಅವರ ಗುಣವನ್ನೇ ದೂರುತ್ತೇವೆ, ಅವರ ಪರಿಸ್ಥಿತಿಯನ್ನು ನೋಡುವುದಿಲ್ಲ. ಸಿಡ್ನಿಯ ಜೋಸೆಫ್ ಫೋರ್ಗಾಸ್ 1998ರಲ್ಲಿ ತೋರಿಸಿದ ಪ್ರಕಾರ, ಸ್ವಲ್ಪ ಬೇಸರದಲ್ಲಿ ಇರುವವರು ಈ ತಪ್ಪನ್ನು ಕಮ್ಮಿ ಮಾಡುತ್ತಾರೆ. ಖುಷಿಯಲ್ಲಿ ಇರುವವರು ಜಾಸ್ತಿ ಮಾಡುತ್ತಾರೆ. ಇದು ಬರೀ ಬೇಸರದ ಮಾತು, ಖಿನ್ನತೆಯ ಕಾಯಿಲೆಯ ಮಾತಲ್ಲ. ಎರಡನ್ನೂ ಒಂದೇ ಮಾಡಬಾರದು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಆಕಾಶವಾಣಿ ಅನ್ನುವ ಹೆಸರಿನ ಖಾಸಗಿ ರೇಡಿಯೋ ಕೇಂದ್ರ ನಡೆಸಿದವರು. ರೇಡಿಯೋ ಕಥೆ ಊರಿಗೆಲ್ಲ ಗೊತ್ತು. ಅವರು ಕಲಿಸಿದ ವಿಷಯ ಮಾತ್ರ ಇವತ್ತಿಗೂ ನಮ್ಮ ಮನೆಗಳ ಒಳಗೆ ಬಂದಿಲ್ಲ. ಅದು ನನಗೆ ಬೇಸರದ ಸಂಗತಿ.

ತಂಗಿ_ಸರಸ್ವತಿಪುರಂ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಮದ್ದೂರಿನವರ ಮಾತು ಮನಸ್ಸಿಗೆ ನಾಟಿತು. ಹಾಗಾದರೆ ಯಾವುದು ಕಾಯಿಲೆ, ಯಾವುದು ನಿಜ ಅಂತ ಗುರುತಿಸುವುದು ಹೇಗೆ? ಏನಾದರೂ ದಾರಿ ಇದೆಯಾ?

ಆಪ್ತಸಲಹೆ_ಮೈಸೂರು

ಪಕ್ಕಾ ಅಳತೆಗೋಲು ಅಂತ ಇಲ್ಲ. ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ.

ತೀರ್ಪು ಬೇರೆ, ಘಟನೆ ಬೇರೆ. "ಅವರಿಗೆ ನನ್ನ ಕಂಡರೆ ಆಗಲ್ಲ" ಅನ್ನುವುದು ತೀರ್ಪು. ನಾನು ಅದರ ಜೊತೆ ಜಗಳಕ್ಕೆ ಇಳಿಯುವುದಿಲ್ಲ. "ಯಾವಾಗ ಹಾಗೆ ಅನಿಸಿತು? ಆವತ್ತು ಏನಾಯಿತು?" ಅಂತ ಕೇಳುತ್ತೇನೆ. ಮದ್ದೂರಿನವರ ಒಡವೆ ಪೆಟ್ಟಿಗೆ ಘಟನೆ. ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಭಾವನ ಮೌನ ಕೂಡ ಘಟನೆಯೇ, ಆದರೆ ಅದಕ್ಕೆ ಕೊಟ್ಟ ಅರ್ಥ ತೀರ್ಪು. ಕೇಳುತ್ತಾ ಹೋದರೆ ಕೆಲವು ತೀರ್ಪಿನ ಕೆಳಗೆ ಗಟ್ಟಿ ಘಟನೆ ಸಿಗುತ್ತದೆ. ಕೆಲವು ಕಡೆ ಬರೀ ಒಂದು ಮುಖಭಾವ ಸಿಗುತ್ತದೆ.

ಹಾಗೇ, ಈ ದೂರು ಒಬ್ಬರ ಮೇಲೆ ಇದೆಯಾ, ಎಲ್ಲರ ಮೇಲೂ ಇದೆಯಾ ಅಂತ ನೋಡುತ್ತೇನೆ. ಗಂಡ, ಪಕ್ಕದ ಮನೆ, ಹೂವಿನವರು, ಸಹೋದ್ಯೋಗಿಗಳು ಎಲ್ಲರೂ ಒಂದೇ ತಿಂಗಳಲ್ಲಿ ಕೆಟ್ಟವರಾದರೆ ಅಲ್ಲಿ ಕಾಯಿಲೆಯ ಕೈ ಜಾಸ್ತಿ ಇರುತ್ತದೆ. ಒಬ್ಬರ ಬಗ್ಗೆ ಮಾತ್ರ, ಅದೂ ಕಾಯಿಲೆ ಬರುವ ಮುಂಚಿನಿಂದ ಇರುವ ಮಾತಾದರೆ, ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ದಿನದ ಹೊತ್ತನ್ನೂ ಗಮನಿಸಿ. ಖಿನ್ನತೆ ತೀವ್ರವಾಗಿರುವ ಕೆಲವರಿಗೆ ಬೆಳಗಿನ ಜಾವ ಬಹಳ ಕಷ್ಟ, ಸಂಜೆಗೆ ಸ್ವಲ್ಪ ಹಗುರ. ಬೆಳಗ್ಗೆ ರಾಕ್ಷಸನಾಗಿ ಕಂಡ ಗಂಡ ಸಂಜೆ ಬರೀ ಮೌನಿಯಾಗಿ ಕಂಡರೆ ಅದೂ ಒಂದು ಸುಳಿವು.

ಹೊಡೆತ, ಬೈಗುಳ, ಹಣ ಕಿತ್ತುಕೊಳ್ಳುವುದು, ಇಂಥ ಮಾತು ಬಂದರೆ ಮಾತ್ರ ಈ ಸುಳಿವು ಹುಡುಕುತ್ತಾ ಕೂರಬೇಡಿ. ಮೊದಲು ನಂಬಿ, ಆಮೇಲೆ ವಿಚಾರಿಸಿ. ಮನೆಯಲ್ಲಿ ಹಿಂಸೆ ಇರುವುದರಿಂದಲೇ ಖಿನ್ನತೆ ಬಂದಿರುವುದು ಬಹಳ ಕಡೆ ಇದೆ.

ಕಬ್ಬಿನಗದ್ದೆ_ಪಾಂಡವಪುರ

ಇಲ್ಲಿ ಎಲ್ಲರೂ ಅಳು, ಮೌನದ ಬಗ್ಗೆ ಬರೆದಿದ್ದೀರಿ. ನಮ್ಮ ಅಪ್ಪನಿಗೆ ಅಳುವೇ ಇರಲಿಲ್ಲ. ಬರೀ ಸಿಟ್ಟು.

ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರಿನ ಜಮೀನು. ಒಂದು ವರ್ಷ ನೀರಿನ ಪಾಳಿ ಸರಿಯಾಗಿ ಬರಲಿಲ್ಲ, ಕಬ್ಬು ಒಣಗಿತು, ಸಾಲ ಮೈಮೇಲೆ ಬಂತು. ಅಪ್ಪ ಮೊದಲು ನಿದ್ದೆ ಬಿಟ್ಟರು. ಆಮೇಲೆ ತಮ್ಮನ ಮೇಲೆ, ಅಂದರೆ ನಮ್ಮ ಚಿಕ್ಕಪ್ಪನ ಮೇಲೆ ತಿರುಗಿಬಿದ್ದರು. ರಾತ್ರಿ ಹೋಗಿ ನೀರು ತಿರುಗಿಸಿಕೊಂಡಿದ್ದಾನೆ, ಆಲೆಮನೆಯವರ ಜೊತೆ ಸೇರಿ ನನ್ನ ಮುಳುಗಿಸುತ್ತಿದ್ದಾನೆ ಅಂತ. ಊರಿನವರು ಇದನ್ನು ಅಣ್ಣತಮ್ಮಂದಿರ ಜಗಳ ಅಂತಲೇ ತಿಳಿದರು. ಗಂಡಸು ಸಿಟ್ಟು ಮಾಡಿದರೆ ಯಾರೂ ಕಾಯಿಲೆ ಅನ್ನುವುದಿಲ್ಲ. ಜಮೀನು ಪಾಲು ಮಾಡಲೇಬೇಕು ಅಂತ ಅಪ್ಪ ಹಠ ಹಿಡಿದರು.

ಊರಿನ ಹಿರಿಯರೊಬ್ಬರು ಒಂದು ಕೆಲಸ ಮಾಡಿದರು. "ಪಾಲು ಆಗಲಿ, ಆದರೆ ಸುಗ್ಗಿ ಮುಗಿಯಲಿ" ಅಂದರು. ನೀನು ಹೇಳಿದ್ದು ಸುಳ್ಳು ಅನ್ನಲಿಲ್ಲ. ನಿಜ ಅಂತಲೂ ಅನ್ನಲಿಲ್ಲ. ತಡ ಮಾಡಿಸಿದರು, ಅಷ್ಟೆ. ಆ ಮಧ್ಯೆ ಆಶಾ ಕಾರ್ಯಕರ್ತೆಯೊಬ್ಬರು ಹೇಳಿದ್ದಕ್ಕೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ಊರಿನಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ನಿದ್ದೆ ಬರಲ್ಲ ಅಂತ ಹೇಳಿಯೇ ಅಪ್ಪನನ್ನು ಕರೆದುಕೊಂಡು ಹೋಗಿದ್ದು. ಅದು ಸುಳ್ಳೂ ಆಗಿರಲಿಲ್ಲ.

ಮಾತ್ರೆ ಶುರುವಾಗಿ ಕೆಲವು ವಾರ ಅಪ್ಪ ಮನಸ್ಸಿಗೆ ಏನೂ ಹಿತ ಇಲ್ಲ ಅಂತಲೇ ಹೇಳುತ್ತಿದ್ದರು. ಆದರೆ ಚಿಕ್ಕಪ್ಪ ಹಟ್ಟಿಯ ಹತ್ತಿರ ಬಂದರೆ ಎದ್ದು ಒಳಗೆ ಹೋಗುವುದು ನಿಂತಿತು. ಅದು ನಮಗೆ ಆಶ್ಚರ್ಯ ಆಗಿತ್ತು. ಪಾಲಿನ ಮಾತು ಸುಗ್ಗಿ ಆದ ಮೇಲೆ ಎತ್ತಲಿಲ್ಲ. ನೀರಿನ ಪಾಳಿಯ ತಕರಾರು ಮಾತ್ರ ಇತ್ತು. ಅದು ನಿಜವೇ, ಆ ವರ್ಷ ನಾಲೆಯ ಕೊನೆಯ ಭಾಗಕ್ಕೆ ನೀರು ಬಂದಿರಲಿಲ್ಲ. ನೀರಾವರಿ ಕಚೇರಿಗೆ ಹೋಗಿ ಕೇಳಿದವರಲ್ಲಿ ಚಿಕ್ಕಪ್ಪನೂ ಇದ್ದರು.

ಗಂಗೋತ್ರಿ_ವಿದ್ಯಾರ್ಥಿ

ನಿಮ್ಮ ಅಪ್ಪನ ವಿಷಯ ಓದಿ ಮೈ ಜುಮ್ಮೆಂದಿತು. ಆಕ್ಸ್‌ಫರ್ಡ್‌ನ ಕ್ಯಾಥರೀನ್ ಹಾರ್ಮರ್ ಅವರ ಕೆಲಸ ಇದರ ಬಗ್ಗೆಯೇ. ಖಿನ್ನತೆಯ ಮಾತ್ರೆ ಕೊಟ್ಟಾಗ ಮನಸ್ಸು ಹಗುರ ಆಗಲು ವಾರಗಳು ಬೇಕು. ಆದರೆ ಬೇರೆಯವರ ಮುಖವನ್ನು ಓದುವ ರೀತಿ ಅದಕ್ಕಿಂತ ಬಹಳ ಮುಂಚೆಯೇ ಒಳ್ಳೆಯದರ ಕಡೆ ಸರಿಯುತ್ತದೆ ಅಂತ ಅವರ ತಂಡ ತೋರಿಸಿದೆ. ಮೊದಲು ಜನ ಬೇರೆಯಾಗಿ ಕಾಣುತ್ತಾರೆ. ಅಂಥ ಜನರ ನಡುವೆ ದಿನ ಕಳೆಯುತ್ತಾ ಮನಸ್ಸು ನಿಧಾನಕ್ಕೆ ಏಳುತ್ತದೆ ಅನ್ನುವುದು ಅವರ ವಿವರಣೆ.

ಇದರ ಉಲ್ಟಾ ಸುತ್ತೂ ಇದೆ, ಅದನ್ನೂ ಹೇಳಬೇಕು. 1976ರಲ್ಲಿ ಜೇಮ್ಸ್ ಕೋಯ್ನ್ ಅನ್ನುವವರು ವಿದ್ಯಾರ್ಥಿಗಳಿಗೆ ಫೋನಿನಲ್ಲಿ ಅಪರಿಚಿತರ ಜೊತೆ ಮಾತಾಡಿಸಿದರು. ಕೆಲವರಿಗೆ ಆ ಕಡೆ ಇದ್ದವರು ಖಿನ್ನತೆ ಇರುವವರು. ಅವರ ಜೊತೆ ಮಾತಾಡಿದ ವಿದ್ಯಾರ್ಥಿಗಳಿಗೆ ತಮ್ಮ ಮನಸ್ಸೂ ಕುಗ್ಗಿತು. ಮತ್ತೆ ಮಾತಾಡಲು ಇಷ್ಟ ಇಲ್ಲ ಅನ್ನುವ ಭಾವನೆಯೂ ಅವರಲ್ಲೇ ಜಾಸ್ತಿ ಇತ್ತು. ಕೋಯ್ನ್ ಹೇಳಿದ್ದು ಹೀಗೆ: ಖಿನ್ನತೆ ಇರುವವರು "ನನ್ನ ಮೇಲೆ ಕೋಪ ಇಲ್ಲ ತಾನೇ?" ಅಂತ ಕೇಳುತ್ತಾರೆ. ಹತ್ತಿರದವರು ಇಲ್ಲ ಅನ್ನುತ್ತಾರೆ. ನಂಬಿಕೆ ಬರುವುದಿಲ್ಲ, ಮತ್ತೆ ಕೇಳುತ್ತಾರೆ. ಕೇಳಿ ಕೇಳಿ ಎದುರಿನವರು ದಣಿಯುತ್ತಾರೆ. ಮುಖ ಗಂಟಾಗುತ್ತದೆ. ಬಾಯಿ ಇಲ್ಲ ಅನ್ನುತ್ತದೆ, ಮುಖ ಹೌದು ಅನ್ನುತ್ತದೆ.

ಆಗ ಅವರ ಅನುಮಾನ ನಿಜವೇ ಆಯಿತಲ್ಲ? ಮೊದಲ ದಿನ ಸಾದಾ ಮುಖವನ್ನು ಬೇಸರದ ಮುಖ ಅಂತ ಓದಿದರು. ಕೆಲವು ತಿಂಗಳಾದ ಮೇಲೆ ಅದು ನಿಜವಾಗಲೂ ಬೇಸರದ ಮುಖವೇ ಆಗಿರುತ್ತದೆ. ಈಗ ಅವರು ಸರಿಯಾಗಿಯೇ ಓದುತ್ತಿದ್ದಾರೆ.

ಮದ್ದೂರಿನವಳು

ಈ ಕೊನೆಯ ಸಾಲನ್ನು ಪ್ರತಿ ಮನೆಯವರೂ ಓದಬೇಕು. ನೋಡಿಕೊಳ್ಳುವವರು ದಣಿದಿದ್ದರೆ "ನನಗೆ ಸುಸ್ತಾಗಿದೆ, ನಿನ್ನ ಮೇಲೆ ಸಿಟ್ಟಿಲ್ಲ" ಅಂತ ಬಾಯಿಬಿಟ್ಟು ಹೇಳಲಿ. ನಗುಮುಖದ ನಾಟಕ ಬೇಡ. ಅದು ನಮಗೆ ತಕ್ಷಣ ಗೊತ್ತಾಗುತ್ತದೆ.

ತಂಗಿ_ಸರಸ್ವತಿಪುರಂ

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ.

ಸಂಜೆ ಹೊತ್ತು ಅಕ್ಕನ ಜೊತೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಲು ಹೋಗಿದ್ದೆ. ಅಮ್ಮನ ಮಾತು ಅವಳೇ ತೆಗೆದಳು. "ಯಾವಾಗ ಹಾಗೆ ಅನಿಸಿತು?" ಅಂತ ಕೇಳಿದೆ. ಅವಳು ಒಂದೇ ಉಸಿರಿಗೆ ಹೇಳಿದಳು. ಅಜ್ಜಿ ಹಾಸಿಗೆ ಹಿಡಿದಾಗ ಅವಳು ಪಿಯುಸಿ. ಮನೆಯಲ್ಲಿ ಯಾರಾದರೂ ಇರಬೇಕು ಅಂತ ಅವಳನ್ನು ಒಂದು ವರ್ಷ ಕಾಲೇಜು ಬಿಡಿಸಿದರು. ನನ್ನನ್ನು ಒಂದು ದಿನವೂ ಬಿಡಿಸಲಿಲ್ಲ. ನಾನು ಆಗ ಚಿಕ್ಕವಳು, ನನಗೆ ಇದು ಗೊತ್ತೇ ಇರಲಿಲ್ಲ. ಅಮ್ಮನನ್ನು ಕೇಳಿದೆ. ಹೌದು ಅಂದರು. ಅದರ ಬಗ್ಗೆ ಅವರಿಬ್ಬರೂ ಯಾವತ್ತೂ ಮಾತಾಡಿಯೇ ಇಲ್ಲವಂತೆ. ಇದು ಕಾಯಿಲೆಯ ಮಾತಲ್ಲ. ಇಪ್ಪತ್ತು ವರ್ಷಕ್ಕೂ ಹಳೆಯದು.

ಭಾವನ ವಿಷಯ ಬೇರೆ. ಅವರನ್ನು ಪ್ರತ್ಯೇಕವಾಗಿ ಕೇಳಿದಾಗ, "ಏನಾದರೂ ಹೇಳಿದರೆ ತಪ್ಪಾಗುತ್ತದೋ ಅಂತ ಹೆದರಿ ಸುಮ್ಮನಿರುತ್ತೇನೆ" ಅಂದರು. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದಾರೆ. ಇದನ್ನು ಅಕ್ಕನಿಗೆ ನಾನು ಹೇಳಬೇಕಾ, ಅವರೇ ಹೇಳಬೇಕಾ? "ಇದು ಕಾಯಿಲೆ, ನಿಜ ಅಲ್ಲ" ಅಂತ ಅವಳಿಗೆ ಹೇಳಬಹುದಾ?

ಮಂಡ್ಯ_ಪ್ಯಾಸೆಂಜರ್

ಭಾವನೇ ಹೇಳಲಿ. ನೀವು ಹೇಳಿದರೆ ಅದು ವಕಾಲತ್ತು ಅನಿಸುತ್ತದೆ.

"ಇದು ಕಾಯಿಲೆ" ಅಂತ ಅವಳು ನೊಂದಿರುವ ಹೊತ್ತಿನಲ್ಲಿ ಹೇಳಬೇಡಿ. ನಾನೂ ನನ್ನ ಹೆಂಡತಿಯೂ ಒಂದು ಒಳ್ಳೆಯ ದಿನ ನೋಡಿ ಮೊದಲೇ ಮಾತಾಡಿಕೊಂಡಿದ್ದೆವು. ನಾನು ಯಾರ ಬಗ್ಗೆಯಾದರೂ ಕಹಿಯಾಗಿ ಮಾತಾಡಿದರೆ ಅವಳು "ಇದನ್ನ ಭಾನುವಾರ ಮಾತಾಡೋಣ" ಅನ್ನಬೇಕು. ಆ ಮಾತನ್ನು ಆರಿಸಿದ್ದು ನಾನೇ, ಅದಕ್ಕೇ ಅದು ಚುಚ್ಚುತ್ತಿರಲಿಲ್ಲ. ಭಾನುವಾರಕ್ಕೆ ಕೆಲವು ದೂರು ತಾನೇ ಕರಗಿರುತ್ತಿತ್ತು. ಉಳಿದಿದ್ದನ್ನು ನಿಜವಾಗಲೂ ಕೂತು ಮಾತಾಡುತ್ತಿದ್ದೆವು. ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅದು ಬರೀ ಬಾಯಿ ಮುಚ್ಚಿಸುವ ಉಪಾಯ ಆಗುತ್ತಿತ್ತು.

ಆಪ್ತಸಲಹೆ_ಮೈಸೂರು

ಇದಕ್ಕೆ ನನ್ನ ಒಪ್ಪಿಗೆ ಇದೆ. ಇಷ್ಟು ಸೇರಿಸುತ್ತೇನೆ: ಕೆಲಸ ಬಿಡುವುದು, ಗಂಡನ ಮನೆ ಬಿಡುವುದು, ಆಸ್ತಿ ಪಾಲು, ಇಂಥ ದೊಡ್ಡ ನಿರ್ಧಾರಗಳನ್ನು, ಅಪಾಯ ಇಲ್ಲದಿದ್ದರೆ, ಸ್ವಲ್ಪ ಚೇತರಿಸಿಕೊಳ್ಳುವವರೆಗೆ ಮುಂದಕ್ಕೆ ಹಾಕಿ. "ನಾನು ಇಲ್ಲದಿದ್ದರೆ ಇವರಿಗೆಲ್ಲ ಹಾಯಾಗಿರುತ್ತದೆ" ಅನ್ನುವ ಥರದ ಮಾತು ಬಂದರೆ ಮಾತ್ರ ಒಂದು ಗಂಟೆಯೂ ಮುಂದಕ್ಕೆ ಹಾಕಬೇಡಿ. ಅದೂ ಬೇರೆಯವರ ಮನಸ್ಸಿನ ಬಗ್ಗೆ ಕಾಯಿಲೆ ಮಾಡಿಸುವ ತಪ್ಪು ಲೆಕ್ಕವೇ. ಅವರನ್ನು ಒಬ್ಬರೇ ಬಿಡಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಹಣ ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಫೋನ್ ಮಾಡಬಹುದು.

ತಂಗಿ_ಸರಸ್ವತಿಪುರಂ

ಅಂಥ ಮಾತು ಇಲ್ಲಿಯವರೆಗೆ ಬಂದಿಲ್ಲ. ನಂಬರ್ ಭಾವನಿಗೂ ಕಳಿಸಿದ್ದೇನೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಭಾವನೂ ಜೊತೆಗೆ ಬರುತ್ತಾರೆ. ಅಕ್ಕ ಒಪ್ಪಿದ್ದಾಳೆ. ಅಮ್ಮ ಕಾಲೇಜಿನ ವಿಷಯ ಅಕ್ಕನ ಜೊತೆ ತಾವೇ ಮಾತಾಡುತ್ತೇನೆ ಅಂದಿದ್ದಾರೆ. ಆ ಹೊತ್ತಿನಲ್ಲಿ ನಾನು ಅಲ್ಲಿ ಇರುವುದಿಲ್ಲ ಅಂತ ಇಬ್ಬರಿಗೂ ಹೇಳಿದ್ದೇನೆ.